ದುರ್ಗ ಕಾಣ್ತಿದೆಯಾ, ಪುಟ್ಟತಾಯಮ್ಮ?

ಮದುವೆ ಮನೆಗಳಲ್ಲಿ ಹೊಸದಾಗಿ ಪರಿಚಯವಾದವರು ನನ್ನನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ, “ನೀವು ಏರ್ ಹೋಸ್ಟೆಸ್ಸಾ?” ನನ್ನ ಐದಡಿ ಎತ್ತರವನ್ನೂ ಸೋಡಾಬುಡ್ಡಿ ಕನ್ನಡಕವನ್ನೂ ಎದುರಿಗೇ ನೋಡಿಕೊಂಡು ಹಾಗೆ ಕೇಳಲು ಧೈರ್ಯ ಬೇಕು. ಅಲ್ಲ ಎಂದರೆ, “ಹಾಗಾದ್ರೆ ಪೈಲಟ್ಟಾ?” ಅದೂ ಅಲ್ಲ ಎಂದಮೇಲೆ ಅವರ ಗಮನ ಬಿರಿಯಾನಿಯ ಕಡೆ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸಕ್ಕೆ ಜನರ ಬಾಯಲ್ಲಿ ಒಂದು ಹೆಸರೇ ಇರಲಿಲ್ಲ. ಈಗ ನಾನು ಬಿಟ್ಟುಬಂದ ಕುರ್ಚಿಗೆ ಹೊಸಬರು ಬರುತ್ತಿದ್ದಾರೆ. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬೇರೆಯವರು ಓದಿದರೂ ಬೇಡ ಎನ್ನುವುದಿಲ್ಲ.

ಗುಬ್ಬಿಯಿಂದ ಸ್ವಲ್ಪ ಆಚೆ ನಮ್ಮದೊಂದು ಸಣ್ಣ ಹಾರಾಟ ತರಬೇತಿ ಶಾಲೆ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಒಂದೇ ಎಂಜಿನ್ನಿನ ಮೂರು ಪುಟ್ಟ ವಿಮಾನ. ಊರಿನ ಹೆಸರಿಗೆ ತಕ್ಕಂತೆ ಎಲ್ಲರೂ ಅವನ್ನು ಗುಬ್ಬಚ್ಚಿ ಎಂದೇ ಕರೆಯುತ್ತಿದ್ದರು. ಗುಬ್ಬಚ್ಚಿ ಹಾರುವ ಮೊದಲು ಅದು ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಹೋಗಬೇಕು, ಎಷ್ಟು ಇಂಧನ ಬೇಕು, ಮೋಡ ಅಡ್ಡ ಬಂದರೆ ಯಾವ ಕಡೆ ತಿರುಗಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಪೈಲಟ್ ಕೈಗೆ ಕೊಡುವುದು ನನ್ನ ಕೆಲಸ. ಆ ಹಾಳೆಗೆ ನಾವು ಪ್ಲಾನ್ ಎನ್ನುತ್ತಿದ್ದೆವು. ವಿಮಾನ ಓಡಿಸುವುದಿರಲಿ, ನನಗೆ ಸ್ಕೂಟರ್ ಕೂಡ ಸರಿಯಾಗಿ ಬರುವುದಿಲ್ಲ. ತುಮಕೂರಿನ ನಮ್ಮ ಮನೆಯಿಂದ ಗುಬ್ಬಿಗೆ ದಿನಾ ಬಸ್ಸಿನಲ್ಲೇ ಹೋಗಿಬರುತ್ತಿದ್ದೆ.

ನನಗೆ ಕೆಲಸ ಕಲಿಸಿದವರು ಕ್ಯಾಪ್ಟನ್ ರಂಗಸ್ವಾಮಿ. ಕುಣಿಗಲ್ ಕಡೆಯವರು, ಶಾಲೆಯ ಹಿರಿಯ ತರಬೇತುದಾರರು. ಮೀಸೆ ದೊಡ್ಡದು, ದನಿ ಸಣ್ಣದು. ಮೊದಲ ವಾರ ನಾನು ನೀಟಾಗಿ ಬರೆದುಕೊಟ್ಟ ಪ್ಲಾನನ್ನು ಅವರು ತಲೆಕೆಳಗು ಮಾಡಿ ಹಿಡಿದು ನೋಡಿದರು. ಇವರಿಗೆ ಓದಲು ಬರುವುದಿಲ್ಲವೇನೋ ಎಂದು ನನಗೆ ಗಾಬರಿಯಾಯಿತು.

“ಏನಮ್ಮಾ ಶಾಹಿದಾ, ಕೆಳಗಡೆ ಏನೂ ಇಲ್ವಲ್ಲ?”

“ಅಲ್ಲಿಗೆ ಮುಗೀತು ಸರ್.”

“ಹೋಗೋ ದಾರಿ ಯಾವನ್ ಬೇಕಾದ್ರೂ ಬರೀತಾನೆ. ವಾಪಸ್ ಬರೋ ದಾರಿ ಮೊದ್ಲು ಬರಿ. ಹಾಳೆ ಕೊನೇಲಿ ಬರಿ, ಆದ್ರೆ ಮೊದ್ಲು ಬರಿ.”

ಅಂದಿನಿಂದ ನಿವೃತ್ತಿಯಾಗುವ ತನಕ ನಾನು ಪ್ರತಿ ಪ್ಲಾನನ್ನೂ ಕೊನೆಯ ಸಾಲಿನಿಂದ ಶುರು ಮಾಡಿದೆ. ದಾರಿ ಮುಚ್ಚಿದರೆ ಯಾವ ಕಡೆ ತಿರುಗಬೇಕು, ಯಾವ ಕಡೆ ನೆಲ ಸಮವಾಗಿದೆ, ಯಾವ ಕಡೆ ಆಕಾಶ ತೆರೆದಿದೆ. ಒಂದೇ ಸಾಲು. ಇದೊಂದನ್ನು ಕಲಿತರೆ ಮಿಕ್ಕಿದ್ದನ್ನು ನೀವು ಪುಸ್ತಕ ಓದಿ ಕಲಿಯಬಹುದು.

ನಮ್ಮ ತಲೆನೋವು ಏನೆಂದು ಹೇಳಿಬಿಡುತ್ತೇನೆ. ನಮ್ಮ ಪೂರ್ವಕ್ಕೆ ಬೆಂಗಳೂರಿನ ದೊಡ್ಡ ವಿಮಾನಗಳ ಹಾದಿ. ಆ ಕಡೆ ಒಂದು ಎತ್ತರ ದಾಟಿದರೆ ಆಕಾಶ ಕಂಟ್ರೋಲಿನವರದು, ಎಂದರೆ ರೇಡಿಯೋದಲ್ಲಿ ಆ ವಿಮಾನಗಳಿಗೆ ದಾರಿ ಹೇಳುವ ಬೆಂಗಳೂರಿನವರದು; ಅವರ ಅನುಮತಿ ಇಲ್ಲದೆ ಒಂದಡಿಯೂ ಏರುವಂತಿಲ್ಲ. ಕೆಳಗೆ ದೇವರಾಯನದುರ್ಗದ ಬೆಟ್ಟ. ಬೆಟ್ಟ ಕಣ್ಣಿಗೆ ಕಂಡರೆ ಕಂಟ್ರೋಲಿನ ಕೆಳಗೇ, ಬೆಟ್ಟದ ಪಕ್ಕಕ್ಕೆ ಹಾಯಾಗಿ ಹೋಗಿಬರಬಹುದು. ಮೋಡ ಮುಚ್ಚಿದ್ದರೆ ಬೆಟ್ಟದ ನೆತ್ತಿಗಿಂತ ಕಡಿಮೆಯೆಂದರೂ ಸಾವಿರ ಅಡಿ ಮೇಲಿರಬೇಕು. ಅಷ್ಟು ಏರಿದರೆ ಕಂಟ್ರೋಲಿನ ಆಕಾಶಕ್ಕೆ ತಲೆ ತಾಗುತ್ತದೆ. ಹಾಗಾಗಿ ಮೋಡವಿದ್ದ ದಿನ ಮೊದಲೇ ಅನುಮತಿ ಕೇಳಿ, ಸಿಕ್ಕಿದರೆ ಹೊರಡಬೇಕು, ಇಲ್ಲದಿದ್ದರೆ ಕೂತು ಟೀ ಕುಡಿಯಬೇಕು. ನಮ್ಮ ಪಾಡು ಮಧ್ಯದ ಮಹಡಿಯ ಬಾಡಿಗೆದಾರರ ಪಾಡು: ಮೇಲೆ ಓನರ್, ಕೆಳಗೆ ಅವರ ನಾಯಿ.

ಇಷ್ಟೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ದುರ್ಗ ಕಾಣುತ್ತದೆಯೋ ಇಲ್ಲವೋ? ದೊಡ್ಡ ನಿಲ್ದಾಣದ ಹವಾಮಾನ ವರದಿ ನಮಗೆ ಬರುತ್ತಿತ್ತು, ಆದರೆ ಅದು ಆ ನಿಲ್ದಾಣದ ಹವಾಮಾನ. ಅಲ್ಲಿ ಬಿಸಿಲಿದ್ದಾಗ ಬೆಟ್ಟದ ಹತ್ತಿರದ ಊರ್ಡಿಗೆರೆಯಲ್ಲಿ ಕೊಡೆ ಬಿಚ್ಚಿರುತ್ತಿದ್ದರು. ಅದಕ್ಕೇ ಕ್ಯಾಪ್ಟನ್ ಒಂದು ಉಪಾಯ ಮಾಡಿದ್ದರು. ನನ್ನ ಮೇಜಿನ ಗಾಜಿನ ಕೆಳಗೆ ಮೂರು ಫೋನ್ ನಂಬರ್. ಸಿ.ಎಸ್. ಪುರದ ರೈಸ್ ಮಿಲ್ ಬಸವರಾಜು, ಕುಣಿಗಲ್ ಕಡೆಯ ಕೊತ್ತಗೆರೆಯ ಶಿವಣ್ಣ ಮೇಷ್ಟ್ರು, ಊರ್ಡಿಗೆರೆಯ ಹೋಟೆಲ್ ಪುಟ್ಟತಾಯಮ್ಮ. ಪ್ಲಾನ್ ಬರೆಯುವ ಮೊದಲು ಮೂವರಿಗೂ ಫೋನ್ ಮಾಡಿ ಆಕಾಶ ಕೇಳುತ್ತಿದ್ದೆ.

ಪುಟ್ಟತಾಯಮ್ಮನ ಇಡ್ಲಿ ಒಲೆ ಬೆಟ್ಟಕ್ಕೆ ನೇರ ಮುಖ ಮಾಡಿತ್ತು. ಆಕೆ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಅಡಿ, ಮೀಟರ್ ಎಂದರೆ ನಗುತ್ತಿದ್ದರು. “ಬೆಟ್ಟ ತಲೆ ಮ್ಯಾಲೆ ಸೆರಗು ಹೊದ್ಕೊಂಡೈತೆ ಕಣವ್ವ” ಎಂದರೆ ನೆತ್ತಿಗೆ ಮಾತ್ರ ಮೋಡ. “ಸೊಂಟಕ್ ಸುತ್ಕೊಂಡೈತೆ” ಎಂದರೆ ಅರ್ಧ ಬೆಟ್ಟ ಮಾಯ. “ಬೆಟ್ಟ ಮನೇಲಿಲ್ಲ” ಎಂದರೆ ಅಂದು ಹಾರಾಟ ಇಲ್ಲ. ಆಕೆಯ ಮಾತುಗಳನ್ನು ಅಡಿಗಳಿಗೆ ತಿರುಗಿಸುವ ಒಂದು ಪಟ್ಟಿಯನ್ನು ನಾನೇ ಮಾಡಿ ಗೋಡೆಗೆ ಅಂಟಿಸಿದ್ದೆ. ಒಮ್ಮೆ ಪಟ್ಟಣದಿಂದ ಬಂದ ಮ್ಯಾನೇಜರ್ ಅದನ್ನು ಓದಿ, ಇದೆಲ್ಲ ಮ್ಯಾನುಯಲ್‌ನಲ್ಲಿ ಎಲ್ಲಿದೆ ಎಂದು ಕೇಳಿದರು. ಕ್ಯಾಪ್ಟನ್, “ಬೆಟ್ಟನೂ ಮ್ಯಾನುಯಲ್‌ನಲ್ಲಿಲ್ಲ ಸಾರ್” ಎಂದರು. ಪಟ್ಟಿ ಅಲ್ಲೇ ಉಳಿಯಿತು.

ಶಿವಣ್ಣ ಮೇಷ್ಟ್ರ ಕಥೆ ಬೇರೆ. ಅವರ ಮಗಳು ರೂಪಾ ನಮ್ಮಲ್ಲೇ ತರಬೇತಿಗೆ ಸೇರಿದ್ದಳು. ಮಗಳು ಸೇರಿದಂದಿನಿಂದ ಕೊತ್ತಗೆರೆಯ ಆಕಾಶ ಒಂದು ದಿನವೂ ಕೆಟ್ಟಿರಲಿಲ್ಲ. “ಹೇಗಿದೆ ಮೇಷ್ಟ್ರೇ?” “ನಿರ್ಮಲ, ಮೇಡಂ. ಅತ್ಯಂತ ನಿರ್ಮಲ.” ಅಚ್ಚ ಕನ್ನಡ ಮೇಷ್ಟ್ರು. ಒಂದು ದಿನ ನಿರ್ಮಲ ಎಂಬ ಮಾತು ನಂಬಿ ನಾನು ಬರೆದುಕೊಟ್ಟ ಪ್ಲಾನ್ ಹಿಡಿದು ಕುಣಿಗಲ್ ಕೆರೆಯ ತನಕ ಹೋದ ವಿಮಾನ, ಕಪ್ಪು ಮೋಡದ ಗೋಡೆ ನೋಡಿ ತಿರುಗಿ ಬಂತು. ನಾನು ಫೋನಿನಲ್ಲೇ ಜಗಳ ತೆಗೆದೆ. ಮೇಷ್ಟ್ರು, “ಮೋಡ ಅಂದ್ರೆ ಹುಡುಗೀನ ಕೆಳಗೆ ಕೂರಿಸ್ಬಿಡ್ತೀರಲ್ಲ ಮೇಡಂ. ಅವ್ಳು ಸಪ್ಪೆ ಮುಖ ಹಾಕ್ಕೊಂಡು ಮನೆಗೆ ಬರೋದು ನೋಡಕ್ಕಾಗಲ್ಲ” ಎಂದರು. ನನ್ನ ಸಿಟ್ಟು ಅಲ್ಲೇ ಕರಗಿತು. ಆದರೂ ಹೇಳಬೇಕಾದ್ದನ್ನು ಹೇಳಿದೆ: ಆಸೆ ಇಟ್ಟುಕೊಂಡು ಆಕಾಶ ನೋಡಬಾರದು ಮೇಷ್ಟ್ರೇ. ಎಷ್ಟು ದೊಡ್ಡ ಮಾತು! ಅದೇ ಮಾತು ತಿರುಗಿ ನನ್ನ ತಲೆಯ ಮೇಲೇ ಬಿತ್ತು.

ಅದು ಆಷಾಢ. ನಮ್ಮ ಅಮ್ಮಿಗೆ ನಾಲ್ಕು ದಿನದಿಂದ ಜ್ವರ. ಮನೆಯಲ್ಲಿ ನಾವಿಬ್ಬರೇ. ನಾನು ಕೆಲಸಕ್ಕೆ ಹೋದರೆ ಪಕ್ಕದ ಮನೆಯ ಶಾರದಮ್ಮ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು. ನಾಲ್ಕನೆಯ ದಿನ ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದು ಡಾಕ್ಟರು ಹೇಳಿದ್ದರು. ಅಂದು ಬೆಳಗ್ಗೆ ನಾನು ಬಸ್ಸಿನಲ್ಲಿ ಪ್ರಾರ್ಥನೆ ಮಾಡುತ್ತಲೇ ಗುಬ್ಬಿ ಮುಟ್ಟಿದೆ. ಮೇಜಿಗೆ ಕೂತು ಕೊನೆಯ ಸಾಲು ಬರೆಯಲು ಮೊದಲು ಸಿ.ಎಸ್. ಪುರಕ್ಕೆ ಫೋನ್ ಮಾಡಿದೆ. ಬಸವರಾಜು, “ಈ ಕಡೆ ಫಸ್ಟ್ ಕ್ಲಾಸು ಮೇಡಂ, ಭತ್ತ ಒಣಗಾಕ್ತಾ ಇದೀವಿ” ಎಂದರು. ಭತ್ತ ಹರಡುವವನು ಆಕಾಶದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಬರೆದೆ: “ಬೆಟ್ಟ ಕಾಣದಿದ್ದರೆ ಬಲಕ್ಕೆ ತಿರುಗಿ, ಏರುತ್ತಾ ಪಶ್ಚಿಮಕ್ಕೆ, ಸಿ.ಎಸ್. ಪುರದ ಕಡೆ. ಅಲ್ಲಿ ತೆರೆದಿದೆ.”

ಪೆನ್ನು ಇಡುವಷ್ಟರಲ್ಲಿ ಶಾರದಮ್ಮನ ಫೋನ್.

“ಶಾಹಿದಾ, ಇಳಿದಿದೆ ಕಣೇ! ಎದ್ದು ಕೂತು ಗಂಜಿ ಕುಡಿದ್ರು. ಉಪ್ಪಿನಕಾಯಿ ಕೇಳ್ತಾವ್ರೆ.”

ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಅಳುತ್ತಲೇ ಊರ್ಡಿಗೆರೆಗೆ ಫೋನ್ ಮಾಡಿದೆ. ಆ ಕಡೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ದುರ್ಗ ಕಾಣ್ತಿದೆಯಾ ಎಂದದ್ದು ಹಾರ್ನಿನಲ್ಲಿ ಹೋಯಿತು, ಮೋಡ ಹೇಗಿದೆ ಎಂದದ್ದು ಉಳಿಯಿತು.

“ಇಳಿದೈತೆ ಕಣವ್ವ!” ಎಂದು ಪುಟ್ಟತಾಯಮ್ಮ ಕೂಗಿದರು.

“ಒಳ್ಳೇದಾಯ್ತು ಬಿಡಿ!” ಎಂದು ನಾನೂ ಕೂಗಿ ಫೋನ್ ಇಟ್ಟೆ.

ನೋಡಿ, ಜ್ವರ ಇಳಿಯುವುದೂ ಇಳಿಯುವುದೇ, ಮೋಡ ಇಳಿಯುವುದೂ ಇಳಿಯುವುದೇ. ಒಂದು ಇಳಿದರೆ ಹೋಯಿತು ಎಂದು ಅರ್ಥ, ಇನ್ನೊಂದು ಇಳಿದರೆ ಬಂತು ಎಂದು. ನಾನು ನಲವತ್ತು ವರ್ಷ ಕನ್ನಡ ಮಾತಾಡಿದವಳು, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿಯಲ್ಲಿ ಇದ್ದದ್ದು ಅಮ್ಮಿಯ ಜ್ವರ ಮಾತ್ರ. ಪ್ಲಾನಿನಲ್ಲಿ ಬರೆದೆ: “ದುರ್ಗದ ಮೋಡ ಕಡಿಮೆಯಾಗಿದೆ. ಬೆಟ್ಟ ನೋಡಿಕೊಂಡು ಕಂಟ್ರೋಲಿನ ಕೆಳಗೆ ಹೋಗಿ. ಅನುಮತಿ ಬೇಕಿಲ್ಲ.” ಗುಬ್ಬಿಯಲ್ಲೂ ಅಂದು ಎಳೆಬಿಸಿಲು. ಕ್ಯಾಪ್ಟನ್ ಒಮ್ಮೆ ಪೂರ್ವಕ್ಕೆ ನೋಡಿ, ನನ್ನ ಮುಖ ನೋಡಿ, “ಅಮ್ಮ ಹೇಗಿದಾರೆ?” ಎಂದು ಕೇಳಿ, ಉಪ್ಪಿನಕಾಯಿಯ ಸುದ್ದಿಗೆ ನಕ್ಕು, ಸಹಿ ಹಾಕಿದರು. ರೂಪಾ ವಿಮಾನ ನಡೆಸುವವಳು, ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ. ಗುಬ್ಬಚ್ಚಿ ಹಾರಿತು.

ಗುಬ್ಬಿಯಿಂದ ದುರ್ಗಕ್ಕೆ ಆ ವಿಮಾನಕ್ಕೆ ಹತ್ತು ಹನ್ನೆರಡು ನಿಮಿಷದ ದಾರಿ. ಎಂಟು ನಿಮಿಷ ಆಗಿತ್ತೇನೋ, ಪುಟ್ಟತಾಯಮ್ಮನೇ ಫೋನ್ ಮಾಡಿದರು. ಅಷ್ಟು ವರ್ಷದಲ್ಲಿ ಆಕೆ ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು.

“ಅಲ್ಲ ಕಣವ್ವ, ಮೋಡ ಇಳಿದೈತೆ ಅಂದ್ರೆ ಒಳ್ಳೇದಾಯ್ತು ಅಂದ್ಯಲ್ಲ, ಯಾಕಂಗಂದೆ? ಇಡ್ಲಿ ಹುಯ್ಯಕ್ಕೂ ಮನಸ್ಸಿಲ್ಲ ನಂಗೆ.”

“ಇಳಿದಿದೆ ಅಂದ್ರೆ… ಕಮ್ಮಿ ಆಗಿಲ್ವಾ?”

“ಎಲ್ ಕಮ್ಮಿ! ಕೆಳಕ್ ಇಳಿದೈತೆ ಅಂದೆ ನಾನು. ಬೆಟ್ಟ ಮನೇಲಿಲ್ಲ. ರಸ್ತೆ ಆಚೆ ಹುಣಸೆಮರ ಕಾಣ್ತಿಲ್ಲ.”

ಆ ಫೋನನ್ನು ಹಾಗೇ ಮೇಜಿನ ಮೇಲಿಟ್ಟು ರೇಡಿಯೋದಲ್ಲಿ ಮೂರು ಸಲ ಕರೆದೆ. ಬರೀ ಗರಗರ. ವಿಮಾನ ತಗ್ಗಿನಲ್ಲಿದ್ದರೆ ಆ ಕಡೆ ನಮ್ಮ ಸೆಟ್ಟು ಮುಟ್ಟುತ್ತಿರಲಿಲ್ಲ. ಇನ್ನೊಂದು ಫೋನಿನಿಂದ ಕಂಟ್ರೋಲಿಗೆ ಮಾತಾಡಿದೆ. ತಪ್ಪು ನನ್ನದು, ವಿಮಾನ ಬೆಟ್ಟದ ಹತ್ತಿರ ಮೋಡಕ್ಕೆ ಹೋಗುತ್ತಿದೆ ಎಂದೆ. ಅತ್ತ ಕಡೆಯವರು ಒಂದು ಮಾತೂ ಬೈಯಲಿಲ್ಲ. “ನಮ್ಮ ಕಡೆಯಿಂದ ಕರೀತೀವಿ ಮೇಡಂ. ಮೇಲೆ ಬರ್ಬೇಕಾದ್ರೆ ಬರ್ಲಿ, ಜಾಗ ಮಾಡ್ಕೊಡ್ತೀವಿ” ಎಂದರು. ಅಷ್ಟು ವರ್ಷ ಓನರ್ ಎಂದು ಆಡಿಕೊಂಡಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೇಜಿನ ಮೇಲಿನ ಫೋನಿನಿಂದ ಪುಟ್ಟತಾಯಮ್ಮನ ದನಿ ಬರುತ್ತಲೇ ಇತ್ತು. ಎತ್ತಿ ಕಿವಿಗಿಟ್ಟೆ.

“ಸದ್ದು ಕೇಳುಸ್ತೈತೆ ಕಣವ್ವ. ವಿಮಾನ ಕಾಣ್ತಿಲ್ಲ, ಸದ್ದು ಕೇಳುಸ್ತೈತೆ.”

“ಯಾವ ಕಡೆ?”

“ತುಮಕೂರ್ ಕಡೆಯಿಂದ. ಬೆಟ್ಟದ್ ಕಡೀಕೇ ಬತ್ತಾ ಐತೆ.”

ಕಣ್ಣೆದುರು ಬಂದದ್ದು ಶಿವಣ್ಣ ಮೇಷ್ಟ್ರ ಮುಖ. ಪುಟ್ಟತಾಯಮ್ಮ ಬೀದಿಗೆ ಬಂದು ನಿಂತಿದ್ದರು ಎಂದು ಕಾಣುತ್ತದೆ, ಯಾರಿಗೋ “ಸ್ಕೂಟರ್ ಆರ್ಸಲಾ, ಕೇಳುಸ್ಕೋಬೇಕು” ಎಂದು ಗದರಿದ್ದು ಕೇಳಿಸಿತು. ಆಮೇಲೆ ಇಬ್ಬರೂ ಉಸಿರು ಹಿಡಿದು ಕೇಳಿದೆವು.

“ತಿರುಗ್ತು,” ಎಂದರು ಪುಟ್ಟತಾಯಮ್ಮ. “ಸದ್ದು ತಿರುಗ್ತು ಕಣವ್ವ. ದೂರ ಆಯ್ತಾ ಐತೆ. ದೂರ… ಹೋಯ್ತು. ಅಳ್ಬ್ಯಾಡ ಸುಮ್ಕಿರು. ಹೋಯ್ತು ಬುಡು.”

ರೂಪಾ, ಕ್ಯಾಪ್ಟನ್ ಇಬ್ಬರೂ ಸಿ.ಎಸ್. ಪುರದ ಮೇಲೆ ಬಿಸಿಲಿನಲ್ಲಿ ಒಂದು ಸುತ್ತು ಹಾಕಿ ಅರ್ಧ ಗಂಟೆಯಲ್ಲಿ ಬಂದು ಇಳಿದರು. ರೂಪಾಳ ತುಟಿ ಒಣಗಿತ್ತು. “ಬೂದಿ ಬಣ್ಣ ಬಿಟ್ಟು ಏನೂ ಕಾಣ್ತಿರ್ಲಿಲ್ಲ ಮೇಡಂ. ಸರ್ ಒಂದ್ ಮಾತೂ ಆಡ್ಲಿಲ್ಲ. ಹಾಳೆ ಕೊನೇಲಿ ಬೆರಳಿಟ್ರು. ಓದ್ಕೊಂಡೆ, ತಿರುಗಿಸ್ದೆ” ಎಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಅವಳಿಗೆ ಯಾಕೆಂದು ಗೊತ್ತಿರಲಿಲ್ಲ, ಅವಳೂ ಅತ್ತಳು.

ಹವಾಮಾನದ ರಿಜಿಸ್ಟರ್ ತೆರೆದು ಕೂತಾಗ ಸೈತಾನ ಒಂದು ಮಾತು ಹೇಳಿಕೊಟ್ಟ. ‘ಊರ್ಡಿಗೆರೆ ಲೈನ್ ಸರಿಯಿರಲಿಲ್ಲ’ ಎಂದು ಬರೆದರೆ ಸಾಕಿತ್ತು. ಹಾರ್ನ್ ಹೊಡೆದದ್ದು ನಿಜವೇ, ಪುಟ್ಟತಾಯಮ್ಮ ಬಂದು ಅದನ್ನು ಓದುವವರೂ ಅಲ್ಲ. ಆದರೆ ಇಡ್ಲಿ ಒಲೆ ಬಿಟ್ಟು ಬೀದಿಯಲ್ಲಿ ನಿಂತವರ ತಲೆಗೆ ತಪ್ಪು ಕಟ್ಟಲು ಕೈ ಏಳಲಿಲ್ಲ. ‘ಊರ್ಡಿಗೆರೆಯವರು ಸರಿಯಾಗಿ ಹೇಳಿದರು, ನಾನು ತಪ್ಪಾಗಿ ಕೇಳಿಸಿಕೊಂಡೆ’ ಎಂದು ಬರೆದು, ಜೊತೆಗೆ ರಾಜೀನಾಮೆಯನ್ನೂ ಬರೆದು ಕ್ಯಾಪ್ಟನ್ ಮುಂದೆ ಇಟ್ಟೆ.

ಅವರು ರಾಜೀನಾಮೆ ಮುಟ್ಟಲಿಲ್ಲ. ಪ್ಲಾನಿನ ಹಾಳೆ ಎತ್ತಿಕೊಂಡರು.

“ಮೇಲಿನ ಸಾಲೆಲ್ಲಾ ತಪ್ಪು. ಬರೆದೋರು ಯಾರು?”

“ನಾನೇ ಸರ್.”

“ಕೊನೇ ಸಾಲು ಸರಿ. ಅದನ್ ಬರೆದೋರು?”

“ಅದೂ ನಾನೇ.”

“ಸರಿ. ನಾಳೆ ಇಬ್ರೂ ಕೆಲಸಕ್ ಬನ್ನಿ. ಈಗ ಬಸ್ ಹಿಡಿದು ಮನೆಗೆ ಹೋಗು, ಅಮ್ಮಂಗೆ ಉಪ್ಪಿನಕಾಯಿ ಹಾಕಿ ಊಟ ಬಡಿಸು.”

ಬಾಗಿಲ ತನಕ ಹೋದವಳನ್ನು ಮತ್ತೆ ಕರೆದರು. “ಸೈನ್ ಹಾಕ್ದೋನು ನಾನು. ನಿನ್ ಮುಖ ನೋಡಿ ಹಾಕ್ದೆ, ಆಕಾಶ ನೋಡಿ ಹಾಕ್ಲಿಲ್ಲ. ಅದನ್ನೂ ರಿಜಿಸ್ಟರ್‌ನಲ್ಲಿ ಬರ್ದಿದೀನಿ” ಎಂದರು.

ಅಂದಿನಿಂದ ನಮ್ಮಲ್ಲಿ ಎರಡು ಪದ್ಧತಿ ಬಂದವು. ‘ಇಳಿದಿದೆ’ ಎಂಬ ಮಾತನ್ನು ಮೇಜಿನ ಹತ್ತಿರ ಯಾರೂ ಆಡಬಾರದು. ಮೋಡ ಹೆಚ್ಚಿದೆ, ಕಮ್ಮಿ ಇದೆ, ಮೇಲಿದೆ, ಕೆಳಗಿದೆ, ಅಷ್ಟೇ. ಎರಡನೆಯದು, ಕಂಟ್ರೋಲಿನವರು ಏನು ಹೇಳಿದರೂ ಪೈಲಟ್ ಅದನ್ನೇ ತಿರುಗಿ ಹೇಳಬೇಕು ಎಂಬ ನಿಯಮ ಆಕಾಶದಲ್ಲಿದೆಯಲ್ಲ, ಅದನ್ನು ಇಡ್ಲಿ ಹೋಟೆಲಿಗೂ ತಂದೆವು. ಪುಟ್ಟತಾಯಮ್ಮ ಹೇಳಿದ್ದನ್ನು ನಾನು ತಿರುಗಿ ಹೇಳಬೇಕು, ಆಕೆ ಹೂಂ ಎನ್ನಬೇಕು. ಮೊದಮೊದಲು ಆಕೆಗೆ ತಮಾಷೆ. “ನಾನೇನ್ ಮಗ್ಗಿ ಹೇಳಿಕೊಡ್ತಾ ಇದೀನೇನೇ?” ಎನ್ನುತ್ತಿದ್ದರು. ಕ್ಯಾಪ್ಟನ್ ಒಂದು ಒಳ್ಳೆಯ ಬೆಳಗ್ಗೆ ಆಕೆಯನ್ನು ವಿಮಾನದಲ್ಲಿ ಕೂರಿಸಿಕೊಂಡು ಹೋಗಿ ದುರ್ಗ ತೋರಿಸಿ ತಂದರು. ಇಳಿದು ಬಂದವರು ನನ್ನ ಹತ್ತಿರ ಗುಟ್ಟಿನಲ್ಲಿ, “ಮ್ಯಾಲಿಂದ ನೋಡುದ್ರೆ ನಮ್ ಬೆಟ್ಟಕ್ಕೆ ನೆತ್ತಿ ಬೋಳು ಕಣವ್ವ, ಅದ್ಕೇ ಸೆರಗು ಹೊದ್ಕೊಳೋದು” ಎಂದರು.

ಆಕೆ ಆ ಕೆಲಸ ಬಿಟ್ಟದ್ದೂ ಆಕೆಯ ಗುಣಕ್ಕೆ ತಕ್ಕ ಹಾಗೆ. ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗ ಒಂದು ದಿನ ಫೋನಿನಲ್ಲಿ ಹೇಳಿದರು: “ದಿನಾ ಮಬ್ಬು ಕಣವ್ವ. ಮೋಡನೋ, ನನ್ ಕಣ್ಣೋ ಗೊತ್ತಾಯ್ತಿಲ್ಲ. ಇನ್ ಮ್ಯಾಲೆ ನನ್ ಮಾತು ಬರ್ಕೋಬ್ಯಾಡ.” ತಪ್ಪು ಹೇಳುವುದಕ್ಕಿಂತ ಹೇಳದೆ ಇರುವುದು ಮೇಲು ಎಂದು ತಾವಾಗಿ ತಿಳಿದು ಬಿಟ್ಟವರನ್ನು ನಾನು ಆಫೀಸುಗಳಲ್ಲಿ ಹೆಚ್ಚು ಕಂಡಿಲ್ಲ. ಕಣ್ಣಿನ ಆಪರೇಷನ್ ಆದಮೇಲೆ ಆಕೆ ಮೊದಲು ನೋಡಿದ್ದು ಬೆಟ್ಟವನ್ನಂತೆ, ಆಮೇಲೆ ಮೊಮ್ಮಗಳನ್ನು. ಮೊಮ್ಮಗಳು ಇನ್ನೂ ಅದನ್ನೇ ಹೇಳಿಕೊಂಡು ಅಜ್ಜಿಯನ್ನು ರೇಗಿಸುತ್ತಾಳೆ.

ಈಗ ಎಲ್ಲ ಟ್ಯಾಬ್‌ನಲ್ಲಿ ಬರುತ್ತದೆ. ಬಣ್ಣ ಬಣ್ಣದ ಮೋಡ, ಕಂಟ್ರೋಲಿನ ಗೆರೆ, ಬೆಟ್ಟದ ಎತ್ತರ, ಎಲ್ಲವೂ ಬೆರಳ ತುದಿಯಲ್ಲಿ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಟ್ಯಾಬ್ ಇದ್ದಿದ್ದರೆ ಆ ದಿನ ನನ್ನ ಎದೆ ಒಡೆಯುವುದು ತಪ್ಪುತ್ತಿತ್ತು. ಆದರೂ ಒಂದು ಮಾತು. ಟ್ಯಾಬ್ ನಿಮ್ಮ ದನಿಯಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಎಂದು ಇಡ್ಲಿ ಹುಯ್ಯುವುದನ್ನು ಬಿಟ್ಟು ತಿರುಗಿ ಫೋನ್ ಮಾಡುವುದಿಲ್ಲ. ಅಂಥವರ ಒಂದು ನಂಬರ್ ಗಾಜಿನ ಕೆಳಗೆ ಇಟ್ಟುಕೊಂಡಿರಿ.

ರೂಪಾ ಈಗ ಅದೇ ಶಾಲೆಯ ಹಿರಿಯ ತರಬೇತುದಾರಳು. ಕ್ಯಾಪ್ಟನ್ ಇಲ್ಲ, ಅಮ್ಮಿಯೂ ಇಲ್ಲ. ನಮ್ಮ ಮನೆಯ ಮಹಡಿಯಿಂದ ದುರ್ಗ ಚೆನ್ನಾಗಿ ಕಾಣುತ್ತದೆ. ಗಾಜಿನ ಕೆಳಗಿನ ನಂಬರ್ ಈಗ ನನ್ನದು. ಮೋಡದ ದಿನಗಳಲ್ಲಿ, ಟ್ಯಾಬ್ ನೋಡಿದ ಮೇಲೂ, ಅವಳು ನನಗೊಂದು ಫೋನ್ ಮಾಡುತ್ತಾಳೆ.

ಹೋದ ತಿಂಗಳು ನನಗೂ ನಾಲ್ಕು ದಿನ ಜ್ವರ ಬಂದು ಮಲಗಿದ್ದೆ. ಐದನೆಯ ಬೆಳಗ್ಗೆ ಮೈ ಹಗುರಾಗಿತ್ತು. ಶಾಲು ಹೊದ್ದು ಮೆಲ್ಲಗೆ ಮಹಡಿ ಹತ್ತಿ ನಿಂತಿದ್ದೆ. ಅಷ್ಟರಲ್ಲಿ ಫೋನ್. “ಹೇಗಿದೆ ಮೇಡಂ?” ಎಂದಳು ರೂಪಾ.

“ಇಳಿದಿದೆ ಕಣಮ್ಮ,” ಎಂದೆ.

ಅದನ್ನು ತಿರುಗಿ ಹೇಳದೆ ಅವಳು ಕೇಳಿದಳು.

“ಯಾವ್ದು ಮೇಡಂ?”

ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಕನ್ನಡಕ ಒರೆಸಿಕೊಂಡು ಬೆಟ್ಟದ ಕಡೆ ಇನ್ನೊಮ್ಮೆ ನೋಡಿದೆ.

“ಜ್ವರ ಕಮ್ಮಿ ಇದೆ. ಮೋಡ ಕೆಳಗಿದೆ, ಸೊಂಟದವರೆಗೂ ಸುತ್ತಿಕೊಂಡಿದೆ. ಈವತ್ತು ಬೇಡ.”

“ಜ್ವರ ಕಮ್ಮಿ. ಮೋಡ ಕೆಳಗೆ, ಸೊಂಟದವರೆಗೆ. ಈವತ್ತು ಬೇಡ,” ಎಂದು ರೂಪಾ ತಿರುಗಿ ಹೇಳಿದಳು.

“ಹೂಂ,” ಎಂದೆ.